ಬಾನೆಟ್ಟಿನ ಕೆಳಗೆ

ಸಿದ್ದಾಪುರದ ಮೊಯ್ದು ಶೆಡ್ಡಿನಲ್ಲಿ
ನನ್ನ ಪಿಕಪ್ಪು ಮೂರು ವಾರದಿಂದ ಬಾಯಿ ತೆರೆದು ನಿಂತಿದೆ,
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.

"ಮೈಸೂರಿನ ಗುಜರಿಯಲ್ಲಿ ಟರ್ಬೊ ಎಂಜಿನ್ ಇದೆ ಬೊಳ್ಳಕ್ಕ,
ಸುಂಟಿಕೊಪ್ಪದ ಏರಿನಲ್ಲಿ ಗೇರೇ ಇಳಿಸಬೇಕಿಲ್ಲ."
ಮೌಂಟು ಕತ್ತರಿಸಬೇಕು,
ರೇಡಿಯೇಟರ್ ನಾಲ್ಕು ಬೆರಳು ಮುಂದೆ ಸರಿಸಬೇಕು,
ಮಡಿಕೇರಿಗೆ ಅಲೆದು ಆರ್‌ಸಿ ಬುಕ್ಕಿಗೆ ಹೊಸ ನಂಬರು.
ಉಳಿದದ್ದು ದುಡ್ಡು.

ಬಾಗಿಲು ಬದಲಾಯಿತು, ತಗಡು ಬದಲಾಯಿತು,
ಹಸಿರು ಬಣ್ಣ ನಾನೇ ಬಳಿದದ್ದು, ಎಡಗಡೆ ಸ್ವಲ್ಪ ಇಳಿದಿದೆ.
ಹಳೆಯದೆಂದರೆ ಇನ್ನು ಇದೊಂದೇ.

ಚಳಿಯ ಬೆಳಿಗ್ಗೆ ಹೀಟರ್ ಎಳೆದು ಇಪ್ಪತ್ತರ ತನಕ ಎಣಿಸಬೇಕು,
ಹದಿನೆಂಟಕ್ಕೇ ತಿರುಗಿಸಿದರೆ ಮುನಿಸು.
ಕಾಫಿ ಚೀಲ ಇಪ್ಪತ್ತು ದಾಟಿದರೆ ಕಪ್ಪು ಹೊಗೆ,
ಹಿಂದಿನ ಬಸ್ಸಿನವನಿಂದ ನನ್ನ ಮನೆತನಕ್ಕೆಲ್ಲ ಬೈಗುಳ.
ಹೋದ ವರ್ಷ ಮಾಲ್ದಾರೆ ದಾರಿಯಲ್ಲಿ ಆನೆ ಅಡ್ಡ ಬಂದಾಗ
ತಾನಾಗಿ ಆಫ್ ಆಯಿತು.
ಆನೆ ನಮ್ಮನ್ನು ಪೊದೆಯೆಂದುಕೊಂಡು ದಾಟಿತು.
ಅದನ್ನು ಕೆಡುಕು ಎನ್ನಲೋ, ಬುದ್ಧಿ ಎನ್ನಲೋ?

ಮೊಯ್ದು ಚೈನ್ ಬ್ಲಾಕಿನ ಕೊಕ್ಕೆ ಒರೆಸುತ್ತಾನೆ,
ನನ್ನ ಕಡೆ ನೋಡದೆ.
ನಾನು ಆಯಿಲ್ ಕಡ್ಡಿ ಎಳೆದು ನೋಡುತ್ತೇನೆ.
ಸರಿಯಾಗಿಯೇ ಇದೆ.
ಬೆಳಿಗ್ಗೆಯಿಂದ ಇದು ಮೂರನೇ ಸಲ.