ಚುಕ್ಕೆ

ಶನಿವಾರ ಎದ್ದವನೇ ಚಪ್ಪಲಿ ಹುಡುಕಿದ.
ಎಲ್ಲಿಗೆ? ಎಂದೆ.
ಒಂದು ಕಾಲಿಗೆ ಹಾಕಿಕೊಂಡು ನಿಂತ.
ಎಲ್ಲಿಗೂ ಇಲ್ಲ, ಎಂದ.

ಮೂವತ್ತೊಂದು ವರ್ಷ
ಶನಿವಾರವೆಂದರೆ ನಾಲ್ಕು ಆಟ, ಭಾನುವಾರವೆಂದರೆ ನಾಲ್ಕು ಆಟ,
ಹಬ್ಬವಿದ್ದರೆ ಬೆಳಗಿನದೂ ಸೇರಿ ಐದು.
ಈಗ ಟಾಕೀಸಿಗೆ ಹಸಿರು ಬಲೆ ಹೊದಿಸಿದ್ದಾರೆ,
ಒಳಗೆ ಗೋಡೆ ಕೆಡಹುವ ಸದ್ದು.
ಕಡಲೆಕಾಯಿ ಗಾಡಿ ಮಾತ್ರ ಗೇಟಿನ ಬಳಿ ಅಲ್ಲೇ ಇದೆ,
ಇಂಟರ್ವಲ್ಲಿಗೆ ಕಾಯುವಂತೆ.

ಹಾಗಾಗಿ ಚೌರಪ್ಪ ಮನೆಯಲ್ಲಿದ್ದಾನೆ.
(ಎದುರಿಗೆ 'ರೀ' ಎನ್ನುತ್ತೇನೆ.
ಮನಸ್ಸಿನೊಳಗೆ ಮೊದಲಿನಿಂದಲೂ ಏಕವಚನ.)

ಲಿಂಗರಾಜಪುರದ ಮೇಲೆ ಆಷಾಢದ ಗಾಳಿ,
ಬೀಳಲೋ ಬೇಡವೋ ಎನ್ನುವ ಮಳೆ.
ಟೆರೇಸಿನ ಬಟ್ಟೆ ಎರಡು ದಿನದಿಂದ
ಒಣಗಿಯೂ ಇಲ್ಲ, ನೆನೆದೂ ಇಲ್ಲ.
ಸಂಜೆ ಹಂದಿಮಾಂಸದ ಅಂಗಡಿಗೆ ಅವನನ್ನೇ ಕಳಿಸಿದೆ.
ಅಂಗಡಿಯ ಇನಾಸಿ ಕತ್ತಿ ಕೆಳಗಿಟ್ಟು ಕೇಳಿದನಂತೆ:
ಅಣ್ಣ, ಏನು, ಮೈ ಸರಿ ಇಲ್ಲವಾ?
ಮುಕ್ಕಾಲು ಕೇಜಿ, ಚರ್ಮದ ಸಮೇತ.
ರಾತ್ರಿ ವಿನಿಗರ್, ಬೆಳ್ಳುಳ್ಳಿ, ಮೆಣಸು, ಒಂದು ಚೂರು ಚಕ್ಕೆ
ತಿಕ್ಕಿ ತಿಕ್ಕಿ ಇಟ್ಟೆ.
ಪಕ್ಕದಲ್ಲೇ ನಿಂತು ನೋಡಿದ,
ಎಂದೂ ನೋಡದವನ ಹಾಗೆ.
ನೋಡಿಯೂ ಇರಲಿಲ್ಲ, ಪಾಪ.

ನಮ್ಮ ಮನೆಯ ಭಾನುವಾರದ ರೋಸ್ಟು
ಡಬ್ಬಿಯೊಳಗೆ, ಚೀಲದೊಳಗೆ, ಕಬ್ಬಿಣದ ಮೆಟ್ಟಿಲು ಹತ್ತಿ
ಆ ಬಿಸಿ ಗೂಡಿಗೆ ಹೋಗುವಷ್ಟರಲ್ಲಿ
ಕೊಬ್ಬು ಬೆಳ್ಳಗೆ ಕಟ್ಟಿರುತ್ತಿತ್ತು.
ಒಂದು ಕಣ್ಣು ಕಿಂಡಿಗೆ ಕೊಟ್ಟು, ಒಂದು ಕೈಯಲ್ಲಿ ತಿನ್ನುತ್ತಿದ್ದ.
ಚೆನ್ನಾಗಿದೆ, ಎನ್ನುತ್ತಿದ್ದ,
ಮಿಷನ್ನಿನ ಸದ್ದಿಗಿಂತ ಜೋರಾಗಿ.

ಭಾನುವಾರ ಪೂಜೆ ಮುಗಿಸಿ ಬಂದು
ದಪ್ಪ ತಳದ ಪಾತ್ರೆ ಸಣ್ಣ ಉರಿಗಿಟ್ಟೆ.
ಟೀವಿಯಲ್ಲಿ ಹಳೆಯದೊಂದು, ಕಪ್ಪು ಬಿಳುಪು.
ಸ್ವಲ್ಪ ಹೊತ್ತಿಗೆ ಧಡಕ್ಕನೆ ಎದ್ದ,
ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿಯಹೋಯಿತು.
ಏನ್ರೀ?
ಚುಕ್ಕೆ, ಎಂದ.
ಪರದೆಯ ಬಲಮೂಲೆಯಲ್ಲಿ, ಮೇಲೆ,
ಸಾಸಿವೆ ಸಿಡಿದಷ್ಟು ಹೊತ್ತು ಬಂದು ಹೋಗುವ ಚುಕ್ಕೆ.
ರೀಲು ಮುಗಿಯಿತು, ಇನ್ನೊಂದು ಮಿಷನ್ನು ಬಿಡು ಎಂದರ್ಥ.
ಬಾಲ್ಕನಿಯಲ್ಲಿ ಅಷ್ಟು ಸಿನಿಮಾ ನೋಡಿದ ನನಗೆ
ಅದೊಂದು ಕಂಡೇ ಇರಲಿಲ್ಲ.

ಹಾಗಾದರೆ ಚುಕ್ಕೆ ಬಂದಾಗಲೆಲ್ಲ ಕೂಗಿ, ಎಂದೆ,
ನಾನು ಮಾಂಸ ಮಗುಚುತ್ತೇನೆ.

ಕೂಗಿದ.
ಮಗುಚಿದೆ.
ಮತ್ತೆ ಕೂಗಿದ. ಚರ್ಮ ಕೆಂಪಗಾಗುತ್ತಿತ್ತು.
ಮೂರನೆಯ ಸಲ ಕೂಗಲಿಲ್ಲ, ಒಳಗೇ ಬಂದ.
ಅಣ್ಣನ ಕಾಗದ ತಂಗಿಯ ಕೈಗೆ ಸಿಕ್ಕಿತಾ?
ನೂರು ದಿನ ಓಡಿಸಿದವರು ನೀವು, ನನ್ನನ್ನು ಕೇಳ್ತೀರಲ್ಲ?
ಆ ಹೊತ್ತಿಗೆ ನಾನು ಮುಂದಿನ ರೀಲು ಹಾಕ್ತಿದ್ದೆ ಕಣೇ,
ನೂರು ದಿನವೂ.

ನನಗೂ ನೆನಪಿರಲಿಲ್ಲ.
ಬಾ, ಈಗ ತಿಳಿಯುತ್ತದೆ, ಎಂದು ಕೈ ಒರೆಸಿಕೊಂಡು ಪಕ್ಕ ಕೂತೆ.
ತಂಗಿ ಬಾಗಿಲ ಬಳಿ ಬಂದಳು,
ಕಾಗದ ಮೇಜಿನ ಮೇಲಿತ್ತು,
ಕರೆಂಟು ಹೋಯಿತು.

ಗಾಳಿಗೆ ಎಲ್ಲೋ ಕೊಂಬೆ ಬಿದ್ದಿರಬೇಕು.
ಬೀದಿಯಿಡೀ ಸುಮ್ಮನಾಯಿತು.
ಆ ಮಬ್ಬಿನಲ್ಲಿ, ಐವತ್ತೆಂಟರ ನಾನು,
ಮಾತೃಸಂಘದ ಖಜಾಂಚಿ,
ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದೆ.
ಯಾಕೆ ಹಾಕಿದೆನೋ. ಗಾಂಧಿಕ್ಲಾಸಿನ ಹುಡುಗರ ಹಾಗೆ, ಉದ್ದಕ್ಕೆ.

ಒಂದ್ನಿಮಿಷ! ಒಂದ್ನಿಮಿಷ!
ಎಂದು ಅವನು ಗಾಬರಿಯಲ್ಲಿ ಎದ್ದು ನಿಂತ.
ಆಮೇಲೆ ಅವನಿಗೇ ನಗು.
ನಕ್ಕೂ ನಕ್ಕೂ ಕೆಮ್ಮು ಬಂತು,
ಕೆಮ್ಮು ನಿಂತಾಗ ವಾಸನೆ ಬಂತು.

ಚುಕ್ಕೆ ಹೇಳುವವರಿಲ್ಲದೆ ಒಂದು ಮಗ್ಗುಲು ಸೀದಿತ್ತು.
ಆ ಮಗ್ಗುಲೇ ಬೇಕೆಂದ,
ಬನ್ನಿನಲ್ಲಿ ಪಾತ್ರೆಯ ತಳ ಒರೆಸಿ ಒರೆಸಿ ತಿಂದ,
ನಾಲಿಗೆ ಸುಟ್ಟುಕೊಂಡ,
ಬಿಸಿ, ಎಂದ,
ದೂರೋ ಹೊಗಳಿಕೆಯೋ ತಿಳಿಯಲಿಲ್ಲ.

ಕರೆಂಟು ಬಂದಾಗ ಇಬ್ಬರೂ ಚಾಪೆಯ ಮೇಲೆ ಅರೆನಿದ್ದೆ.
ಸಿನಿಮಾ ಯಾವಾಗಲೋ ಮುಗಿದಿತ್ತು.
ಟೀವಿ ತನ್ನಷ್ಟಕ್ಕೆ ಯಾರಿಗೋ ಮಿಕ್ಸಿ ಮಾರುತ್ತಿತ್ತು,
ಹೊರಗೆ ಮಳೆ
ಅಂತೂ ನಿರ್ಧಾರ ಮಾಡಿ ಬಿದ್ದಿತು.
ಬಟ್ಟೆ, ಎಂದೆ.
ಇಬ್ಬರೂ ಏಳಲಿಲ್ಲ.