ಐಸ್ ಪೆಟ್ಟಿಗೆ

ಬೈತಖೋಲದ ಬಂದರಿನಲ್ಲಿ ಐಸು ಬೇಡಿ ತರುತ್ತೇನೆ.
ಬಂಗಡೆಗಲ್ಲ.
ಮುಚ್ಚಳ ಬಿಗಿದ ಪುಟ್ಟ ಡಬ್ಬಿಯೊಳಗೆ
ಒಬ್ಬ ತಾಂಡೇಲನ ಮುಂಜಾವದ ಕಫ.
ಬಸ್ಸಿನ ಕಂಡಕ್ಟರು ಇಣುಕುತ್ತಾನೆ:
‘ಏನು ಮೀನು ಬಾಯಿ, ಇವತ್ತು?’
‘ಮಾರೋದಲ್ಲ’ ಅನ್ನುತ್ತೇನೆ.
ಅದೇನೂ ಸುಳ್ಳಲ್ಲ.

ಗುರುವಾರ ವರದಿ ಬಂತು. ಆತ ಬಲೆ ಹೊಲಿಯುತ್ತಿದ್ದ,
ತಲೆ ಎತ್ತಲಿಲ್ಲ.
‘ಸೋಮವಾರ ಅಂಕೋಲೆಯಲ್ಲಿ ಮಗಳ ನಿಶ್ಚಯ.
ಅಲ್ಲೀತನಕ ತಡಿ, ಶೇವಂತಕ್ಕ.’
ಗುಳಿಗೆ ಮಾತ್ರ ನನ್ನೆದುರೇ ನುಂಗಿದ,
ನೀರಿಲ್ಲದೆ.

ಇಲಾಖೆಯ ಕಾಗದಕ್ಕೆ ಎಲ್ಲ ಸಲೀಸು:
ಹೆಸರು ಗುಟ್ಟಾಗಿರಲಿ, ಜೊತೆಗಿದ್ದವರ ತಪಾಸಣೆ ಆಗಲಿ.
ಬರೆದವರು ಬೋಟಿನ ಕ್ಯಾಬಿನ್ ಕಂಡವರಲ್ಲ.
ಹದಿನೆಂಟು ಜನ, ಎರಡು ಅಟ್ಟ,
ಒಬ್ಬನ ಕಾಲು ಇನ್ನೊಬ್ಬನ ತಲೆಗೆ,
ಕಿಟಕಿಯೆಂಬ ಒಂದೇ ತೂತಿಗೆ
ಯಾರದೋ ಲುಂಗಿ ತುರುಕಿದೆ.
ತಾಂಡೇಲನ ಮಗ್ಗುಲಲ್ಲಿ ಮಲಗುವವನು
ದಾಮು. ನನ್ನ ತಮ್ಮ.

ನಮ್ಮ ಕೇರಿಯಲ್ಲಿ ಗುಟ್ಟೆಂದರೆ ಏನು?
ಯಾರ ಒಲೆ ಹೊತ್ತಿಲ್ಲ, ಹೊಗೆ ನೋಡಿದರೆ ಸಾಕು.
ಗಂಜಿ ಹೊತ್ತು ಓಡಿ ಬರುತ್ತಾರೆ,
ಅದೇ ಸೌಟಿನಲ್ಲಿ
ಪಕ್ಕದ ಮನೆಗೆ ಸುದ್ದಿಯನ್ನೂ ಬಡಿಸುತ್ತಾರೆ.
ನನ್ನ ಬಸಿರು ಜಾರಿದ್ದು
ಗಂಡನಿಗಿಂತ ಮೊದಲು ಬಾವಿಕಟ್ಟೆಗೆ ಗೊತ್ತಿತ್ತು.
ಅಂದೇ ಅಂದುಕೊಂಡೆ,
ನನ್ನ ಕೈಗೆ ಬಿದ್ದದ್ದನ್ನು ಮುಷ್ಟಿ ಬಿಗಿದು ಇಟ್ಟೇನು.

ಬಿಗಿದೆ.
ನಾಲ್ಕು ದಿನ.
ಅದರಲ್ಲಿ ಎರಡು ರಾತ್ರಿ ಬೋಟು ನೀರಲ್ಲಿತ್ತು.
ದಾಮುವಿಗೆ ಸಾರು ಕಟ್ಟಿ ಕಳಿಸಿದೆ,
ಜಾಗ ಬದಲಿಸಿ ಮಲಗು ಅನ್ನಲಿಲ್ಲ.
ಅಂದಿದ್ದರೆ ಯಾಕೆ ಅಂತಿದ್ದ.
ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಬಹುದು,
ಆ ‘ಯಾಕೆ’ಗೆ ಏನು ಕಟ್ಟಲಿ?

ಮಂಗಳವಾರ ಬಂದರಿನ ಅಷ್ಟೂ ಬೋಟಿಗೆ ಹೇಳಿಸಿದೆ:
ಸಕ್ಕರೆ, ಬಿಪಿ, ಕಫ, ಎಲ್ಲರದೂ, ಪುಕ್ಕಟೆ.
ನೂರ ನಲವತ್ತು ಹೆಸರಿನ ನಡುವೆ
ಒಂದು ಹೆಸರು ಹೂತೆ,
ಮರಳಲ್ಲಿ ಬಳಚು ಅಡಗಿದ ಹಾಗೆ.
ಸಾಲಿನ ಮೊದಲಿಗೆ ತಾಂಡೇಲನೇ ನಿಂತಿದ್ದ,
ಗೊಣಗುವ ಹುಡುಗರನ್ನು ಬೈಯುತ್ತ,
ಹೊಸ ಅಂಗಿ ತೊಟ್ಟು.
ನನ್ನ ಕಡೆ ನೋಡಲಿಲ್ಲ.
ನಾನೂ.

ದಾಮು ಮೂರು ಸಲ ಉಗುಳಿದ,
‘ಬರೀ ಎಂಜಲು ಬರ್ತದೆ, ಬಿಡೇ ಅಕ್ಕ.’
‘ಒಳಗಿಂದ ತೆಗಿ’ ಎಂದೆ.
ಡಬ್ಬಿಯ ಮೇಲೆ ಹೆಸರು ಬರೆದೆ, ವಯಸ್ಸು ಬರೆದೆ.
ಆ ಎರಡು ರಾತ್ರಿಗೆ
ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಇವತ್ತು ಪೆಟ್ಟಿಗೆ ಭಾರ, ತೊಡೆ ಮರಗಟ್ಟಿದೆ,
ಐಸು ಕರಗಿ ಸೀರೆ ಒದ್ದೆ.
ಕಂಡಕ್ಟರು ಮೀನಿನ ಮಾತೆತ್ತಲಿಲ್ಲ.
ಟಿಕೆಟು ಹರಿದು ಕೊಡುವಾಗ
ಅತ್ತ ತಿರುಗಿ
ಒಮ್ಮೆ ಕೆಮ್ಮಿದ.