ಸುಂಕದವಳ ಮುಂದೆ

ವಿಕ್ರೋಲಿಯ ಏಳನೇ ಮಹಡಿ, ರಾತ್ರಿ ಎರಡೂವರೆ.
ಎಸಿಗೆ ಹೆದರಿ ಹೊದ್ದ ಶಾಲು,
ಪರದೆಯ ಮೇಲೆ ಪಾಂಗ್ನಿರ್ಟುಂಗ್.
ಆ ಹೆಸರು ನಾಲಿಗೆಗೆ ಹತ್ತಲು
ನನಗೊಂದು ಇಡೀ ರಿಟರ್ನ್ ಸೀಸನ್ ಬೇಕಾಯಿತು.

ಅಲ್ಲಿಯ ತೆರಿಗೆ, ಮೊದಲ ಮೆಟ್ಟಿಲಲ್ಲಿ, ನೂರಕ್ಕೆ ನಾಲ್ಕು.
ಒಟ್ಟಾವಾದ ಪಾಲು ಬೇರೆ, ಅದು ಎಲ್ಲರಿಗೂ ಇದ್ದದ್ದೇ.
ಮೇಲೆ, ಆ ಉತ್ತರದಲ್ಲಿ ಬಾಳಿದ್ದಕ್ಕೇ ಒಂದು ರಿಯಾಯಿತಿ:
ದಿನಕ್ಕೆ ಹನ್ನೊಂದು ಡಾಲರ್,
ಮನೆ ನಡೆಸುವವರು ಒಬ್ಬರೇ ಕೇಳಿದರೆ
ಇನ್ನೂ ಹನ್ನೊಂದು.
ನಕ್ಷೆಯಲ್ಲಿ ಗೆರೆ ಎಳೆದಿದ್ದಾರೆ.
ಆಚೆ ಪೂರ್ತಿ, ನಡುವಿನ ಪಟ್ಟಿಗೆ ಅರ್ಧ,
ಈಚೆ ಎಷ್ಟು ನಡುಗಿದರೂ ಸೊನ್ನೆ.

ಗೆರೆ ನನಗೆ ಹೊಸದಲ್ಲ.
ಮುಲುಂಡ್ ನಾಕಾದಲ್ಲಿ ಅಪ್ಪನ ಟೆಂಪೋ ನಿಲ್ಲುತ್ತಿತ್ತು,
ಹಿಂದೆ ಉಡುಪಿ ಹೋಟೆಲುಗಳಿಗೆ ತೆಂಗಿನಕಾಯಿ,
ಮುಂದೆ ಅಪ್ಪ, ನಾನು, ನಮ್ಮಿಬ್ಬರ ನಡುವೆ
ಉಸಿರಿಗೆ ತಡಕಾಡುತ್ತಿದ್ದ ಅಜ್ಜಿ.
'ಸಾಹೇಬ್, ಆಸ್ಪತ್ರೆ, ಬೇಗ...'
'ಪಾವತಿ ದಾಖವ್' ಅಂದ ಅವನು,
ತಲೆ ಎತ್ತಲಿಲ್ಲ.
ಸುಂಕದವನ ಹತ್ತಿರ ಸುಖದುಃಖ ಹೇಳಬಾರದೆಂದು
ಆಮೇಲೆ ಅಪ್ಪ ನನಗೆ ಹೇಳಿದ್ದಲ್ಲ;
ಕಾಯಿ ಎಣಿಸುತ್ತಾ ತನಗೇ ಹೇಳಿಕೊಂಡದ್ದು.

ಈಗ ಸುಂಕದವಳು ನಾನು.
ಕ್ಲೈಂಟು ಜೋನಾಸಿ, ವಯಸ್ಸು ಅರವತ್ತೊಂದು,
ಮೀನಿನ ಕಾರ್ಖಾನೆಯ ಸಂಬಳ ಚೀಟಿ ಒಂದೇ.
ಕೇಳಿದೆ, ಕೇಳಲೇಬೇಕು:
ಅಕ್ಟೋಬರಿನ ಹತ್ತೊಂಬತ್ತು ರಾತ್ರಿ ಎಲ್ಲಿ ಮಲಗಿದಿರಿ?
ಬಂತು ಉತ್ತರ:
ಮಲಗಲಿಲ್ಲ. ಒಟ್ಟಾವಾ. ಅವಳ ಮಂಚದ ಪಕ್ಕ ಕುರ್ಚಿ.

ಮುಂದಿನ ಪ್ರಶ್ನೆ ನನ್ನದಲ್ಲ, ಫಾರ್ಮಿನದು:
ಅದೇ ಮನೆಯಲ್ಲಿ ಬೇರೆ ಯಾರಾದರೂ
ಈ ರಿಯಾಯಿತಿ ಕೇಳುತ್ತಿದ್ದಾರೆಯೇ?
ಎರಡು ದಿನ ಸುದ್ದಿ ಇಲ್ಲ. ಮೂರನೆಯ ರಾತ್ರಿ:
ಈಗ ಇಲ್ಲ.

ಹೋದ ವರ್ಷ ಎರಡು ಹೆಸರು, ಎರಡು ಹನ್ನೊಂದು.
ಅವಳು ಹೋದ ದಿನದಿಂದ ಒಂದೇ ಹೆಸರಿನಡಿ ಇಪ್ಪತ್ತೆರಡು.
ಮನೆಯ ಮೊತ್ತ ಒಂದು ಸೆಂಟೂ ಅಲುಗಲಿಲ್ಲ.
ಕ್ಯಾಲ್ಕುಲೇಟರಿಗೆ ಏನು, ಅದು ಸರಿಯಾಗೇ ಹೇಳಿತು.

ಟೆಂಪ್ಲೇಟಿನಲ್ಲಿ ಸಂತಾಪಕ್ಕೆ ಜಾಗ ಇಲ್ಲ,
ಇದ್ದರೂ ಕ್ವಾಲಿಟಿಯ ಗೋಖಲೆ ಮೇಡಂ ಅಳಿಸುತ್ತಾರೆ.
ಆದರೆ ನಿಯಮ ಒಂದು ಇತ್ತು, ಹುಡುಕಿದೆ,
ಅದನ್ನೇ ಬರೆದೆ:
ಮನೆ ಅಲ್ಲೇ ಇದ್ದರೆ, ದೂರ ಇದ್ದ ರಾತ್ರಿಗಳೂ
ಮನೆಯಲ್ಲಿದ್ದ ಹಾಗೇ ಲೆಕ್ಕ.
ಆ ಹತ್ತೊಂಬತ್ತನ್ನೂ ಸೇರಿಸಿದ್ದೇನೆ, ಸರ್.

ಬೆಳಗಿನ ಕಲ್ಯಾಣ್ ಸ್ಲೋ. ಕಿಟಕಿಯ ಸೀಟು ಸಿಕ್ಕಿತ್ತು.
ನಾಹೂರ್ ನೆನಪಿದೆ.
ಮುಲುಂಡ್, ಠಾಣೆ, ಅಪ್ಪ ಗಂಟೆಗಟ್ಟಲೆ ಕಾದ ಆ ಗೆರೆ
ಯಾವಾಗ ದಾಟಿತೋ.
ಮೀನಿನ ಬುಟ್ಟಿಯ ಹೆಂಗಸು ಮೊಣಕೈಯಿಂದ ತಿವಿದಳು:
'ಊಠ್ ಗ, ಡೋಂಬಿವಲಿ ಆಲಿ.'